ಶ್ರೀಲಂಕಾ ಪ್ರವಾಸವೂ ನನ್ನ ಮುನ್ನೆಚ್ಚರಿಕೆಯೂ

ನನ್ನ ಹೆಂಡತಿ ಭಾನುಪ್ರಿಯ ನನ್ನನ್ನು ಅನುಮಾನದ ಪಿಶಾಚಿ ಎನ್ನುತ್ತಾಳೆ. ನಾನು ಅದನ್ನು ಮುನ್ನೆಚ್ಚರಿಕೆ ಎನ್ನುತ್ತೇನೆ. ದೊಡ್ಡಆಲಹಳ್ಳಿಯಲ್ಲಿ ರೇಷ್ಮೆಹುಳು ಸಾಕಿಕೊಂಡು ತೆಪ್ಪಗಿದ್ದ ಮನುಷ್ಯ ನಾನು. ಒಂದು ಮಧ್ಯಾಹ್ನ ಮುದ್ದೆ ಬಡಿಸುತ್ತಾ ಅವಳು ಹೇಳಿದಳು:

"ನಾನೂ ಅತ್ತೇನೂ ಶ್ರೀಲಂಕಾ ನೋಡ್ಕಂಡು ಬತ್ತೀವಿ. ಆರು ದಿನ. ಪಾಸ್‌ಪೋರ್ಟೂ ಬಂದೈತೆ."

(ನಾನು ಗೂಡು ಮಾರಲು ರಾಮನಗರಕ್ಕೆ ಹೋದಾಗಲೆಲ್ಲ ಇಷ್ಟು ಕಾರ್ಯಭಾರ ನಡೆದಿತ್ತು. ನಮ್ಮವ್ವ ಕೆಂಗಲ್ ಆಂಜನೇಯನನ್ನು ದಾಟಿ ಆಚೆಗೆ ಹೋದವಳಲ್ಲ.)

"ಅಲ್ಲೇನೈತೆ?"

"ಆನೆ."

"ನಮ್ಮ ಜೋಳದ ಹೊಲಕ್ಕೇ ಬತ್ತವಲ್ಲ."

"ಇಲ್ಲಿ ಅವು ನಮ್ಮನ್ನ ಓಡಿಸ್ತವೆ. ಅಲ್ಲಿ ಜೀಪಲ್ಲಿ ಕೂತ್ಕಂಡು ನೋಡ್ಬೋದು, ಚಿರತೇನೂ ತೋರಿಸ್ತಾರಂತೆ. ಕ್ಯಾಂಡೀಲಿ ಡ್ಯಾನ್ಸು, ಬುದ್ಧನ ಹಲ್ಲಿನ ಗುಡಿ."

"ಹಲ್ಲು ತೋರಿಸ್ತಾರಾ?"

"ಹಲ್ಲಲ್ಲ, ಅದನ್ನಿಟ್ಟಿರೋ ಪೆಟ್ಟಿಗೆ."

ಮುಚ್ಚಿದ ಪೆಟ್ಟಿಗೆ ತೋರಿಸಲು ಸಮುದ್ರ ದಾಟಿಸುವವರನ್ನು ನಂಬುವುದು ಹೇಗೆ? ಟೂರು ಏರ್ಪಡಿಸಿದ್ದ ಕನಕಪುರದ ನಯನಾ ಎಂಬಾಕೆಗೆ ಫೋನು ಮಾಡಿ, ಚಿರತೆ ಕಾಣಿಸದಿದ್ದರೆ ಯಾರು ಜವಾಬ್ದಾರರು ಎಂದು ವಿಚಾರಿಸಿದೆ. "ಕಾಣ್ಸೋದು ಬಿಡೋದು ಚಿರತೆ ಇಷ್ಟ ಸಾರ್" ಎಂದಳು. ಅನುಮಾನ ಗಟ್ಟಿಯಾಯಿತು. ಹೆಂಗಸರ ರಕ್ಷಣಾರ್ಥ ನಾನೂ ಹೊರಡುವುದೆಂದು ತೀರ್ಮಾನಿಸಿ, ಬೆಂಗಳೂರಿಗೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟೆ. ಅಲ್ಲಿಯ ಹುಡುಗಿ ಮುಂದೇನಾಗುತ್ತದೆಂದು ವಿವರಿಸಿದಳು. ನನ್ನ ಹತ್ತು ಬೆರಳ ಗುರುತು ಅವರಿಗೇಕೆ ಎಂಬ ಚಿಂತೆಯಲ್ಲಿ ನನಗದು ಕಿವಿಗೆ ಬೀಳಲಿಲ್ಲ.

ವಾರದ ಮೇಲೆ ಬೈಕಿನಲ್ಲಿ ಒಬ್ಬ ಬಂದ. ಮಾಮೂಲಿ ಪ್ಯಾಂಟು ಶರಟು, ಕಂಕುಳಲ್ಲಿ ಫೈಲು. ಮನೆಯಲ್ಲಿ ನಾನೊಬ್ಬನೇ ಇದ್ದೆ.

"ಅನಂತರಾಜು ಅನ್ನೋರು ಇಲ್ಲೇನಾ ಇರೋದು? ಆಧಾರ್ ಬೇಕು, ಅಕ್ಕಪಕ್ಕದೋರು ಇಬ್ಬರ ಸೈನ್ ಬೇಕು."

ಆಧಾರ್ ಎಂದ ತಕ್ಷಣ ನನ್ನ ಮುನ್ನೆಚ್ಚರಿಕೆ ಎದ್ದು ಕೂತಿತು. ಫೋನಿನಲ್ಲಿ ಮೋಸ ಮಾಡುವವರು ಈಗ ಬೈಕಿನಲ್ಲೇ ಬರತೊಡಗಿದ್ದಾರೆ.

"ಆ ಹೆಸರಿನೋರು ಯಾರೂ ಇಲ್ಲಿಲ್ಲ ಕಣಪ್ಪ."

"ನೀವ್ಯಾರು?"

"ನಾನು ತೋಟ ಕಾಯೋನು."

ಅವನು ಏನೋ ಬರೆದುಕೊಂಡು ಹೋದ. ಸಂಜೆ ನನ್ನ ಪರಾಕ್ರಮವನ್ನು ಸವಿಸ್ತಾರವಾಗಿ ಬಣ್ಣಿಸಿದೆ. ಭಾನುಪ್ರಿಯ ಹಣೆ ಹಿಡಿದುಕೊಂಡು ಕೂತಳು.

"ಅವರು ಪೊಲೀಸ್ನೋರು ಕಣ್ರೀ. ಪಾಸ್‌ಪೋರ್ಟ್ ಕೊಡೋಕೆ ಮುಂಚೆ ವಿಚಾರಣೆಗೆ ಬತ್ತಾರೆ. ನಮಗೂ ಬಂದಿದ್ರು."

ಮಾರನೆಯ ದಿನ ಅವಳೇ ನನ್ನನ್ನು ಠಾಣೆಗೆ ಕರೆದುಕೊಂಡು ಹೋದಳು. ಅದೇ ಮನುಷ್ಯ ಈಗ ಖಾಕಿಯಲ್ಲಿ ಕುಳಿತಿದ್ದ. ನಾನೇ ಅನಂತರಾಜು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಷ್ಟೊಂದು ಅನುಮಾನವನ್ನು ನಾನು ಯಾರ ಮೇಲೂ ಪಟ್ಟಿರಲಿಲ್ಲ.

"ನಿನ್ನೆ ಇಲ್ಲದೋರು ಇವತ್ತು ಎಲ್ಲಿಂದ ಬಂದ್ರಿ? ಆ ಹೆಸರಿನೋರು ಇಲ್ಲ ಅಂತ ವರದಿ ಹೋಗೈತೆ. ಇನ್ನು ವಿಚಾರಣೆ ಹೊಸದಾಗಿ ಆಗ್ಬೇಕು. ಒಂದು ತಿಂಗಳಾದ್ರೂ ಬೇಕು."

ವಿಮಾನ ಇದ್ದದ್ದು ಮುಂದಿನ ಶುಕ್ರವಾರ. ನಾನು ಹೆಂಡತಿಯ ಮುಖ ನೋಡಿದೆ, ನನ್ನ ಪರವಾಗಿ ಒಂದು ಮಾತು ಹೇಳಿಯಾಳೆಂದು. ಹೇಳಿದಳು.

"ಇರ್ಲಿ ಬುಡಿ ಸಾರ್. ತೋಟ ಕಾಯೋಕೂ ಒಬ್ಬರು ಬೇಕಲ್ಲ."