ಪುಸ್ತಕದ ನದಿ ಹರಿಯುವ ದಿಕ್ಕು

ವರ್ನಾ: ನದಿ ಹರಿಯೋದು ಉತ್ತರ ದಿಕ್ಕಿಗೆ, ಮಿಸ್ಟರ್ ಪ್ರೂಯಿಟ್. ಪರದೆ ಸರಿಸಿ ನೋಡಿ, ಕಿಟಕಿ ಆಚೆಗೇ ಇದೆ.

ಕ್ರೇಗ್: ನೋಡಿದೆ ಮೇಡಂ, ಚೆನ್ನಾಗಿದೆ. ಆದ್ರೆ ಪುಸ್ತಕದಲ್ಲಿ ದಕ್ಷಿಣಕ್ಕೆ ಅಂತಿದೆ.

ಅಮೆರಿಕದ ಉತ್ತರ ಡಕೋಟಾದ ರೆಡ್ ನದಿಯ ದಡದಲ್ಲಿರುವ ಆ ಶಾಲೆಯಲ್ಲಿ ಮೂವತ್ತೆಂಟು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ವರ್ನಾ ಟ್ವೀಟನ್ ಅವರಿಗೆ ಈಗ ಎಪ್ಪತ್ತೊಂಬತ್ತು. ಅವರನ್ನು ಕರೆತಂದವಳು ಅವರದೇ ಹಳೆಯ ವಿದ್ಯಾರ್ಥಿನಿ, ಈಗ ನಾಲ್ಕನೆಯ ತರಗತಿಯ ಶಿಕ್ಷಕಿ ಮಾರಿಟ್. ಎದುರಿಗಿದ್ದವನು ಪಠ್ಯಪುಸ್ತಕ ಕಂಪನಿಯ ಪ್ರತಿನಿಧಿ ಕ್ರೇಗ್ ಪ್ರೂಯಿಟ್. ಕಂಪನಿಯೇ ನಡೆಸಿದ ಪರೀಕ್ಷೆಯಲ್ಲಿ ಮಾರಿಟ್‌ಳ ಇಪ್ಪತ್ಮೂರು ಮಕ್ಕಳ ಪೈಕಿ ಇಪ್ಪತ್ತೆರಡು ಮಂದಿ ನದಿಯ ಪ್ರಶ್ನೆಯಲ್ಲಿ ತಪ್ಪಿದ್ದರು. ಶುಕ್ರವಾರದೊಳಗೆ ಅಂಕಗಳು ಬದಲಾಗದಿದ್ದರೆ ಆಕೆಯ ಹೆಸರನ್ನು ‘ಸುಧಾರಣೆ ಅಗತ್ಯವಿರುವ ಶಿಕ್ಷಕರ’ ಪಟ್ಟಿಗೆ ಸೇರಿಸುವುದಾಗಿ ಜಿಲ್ಲಾ ಕಚೇರಿ ಬರೆದಿತ್ತು.

ವರ್ನಾ: ಪ್ರಶ್ನೆ ಓದಿ.

ಕ್ರೇಗ್: ‘ನಿಮ್ಮ ಊರಿನ ಹತ್ತಿರದ ನದಿ ಯಾವ ದಿಕ್ಕಿಗೆ ಹರಿಯುತ್ತದೆ?’

ವರ್ನಾ: ನಮ್ಮ ಊರಿನ ನದಿ. ಅದನ್ನ ನೀವು ಹೇಗ್ರೀ ತೀರ್ಮಾನ ಮಾಡಿದ್ರಿ?

ಕ್ರೇಗ್: ಇದು ಉತ್ತರ ಡಕೋಟಾದ ವಿಶೇಷ ಆವೃತ್ತಿ ಮೇಡಂ.

ವರ್ನಾ: ಏನು ವಿಶೇಷ?

ಕ್ರೇಗ್: ರಕ್ಷಾಪುಟದ ಮೇಲೆ ಕಾಡುಕೋಣ ಇದೆ.

ವರ್ನಾ: ಒಳಗೆ?

ಕ್ರೇಗ್: ಒಳಗೆ ಎಲ್ಲರಿಗೂ ಒಂದೇ.

ಮಾರಿಟ್: ಪುಸ್ತಕದ ಪ್ರಕಾರ ಸರಿ ಬರೆದವನು ಒಬ್ಬನೇ. ನಾವು ನದಿ ನೋಡೋಕೆ ಹೋದ ದಿನ ಅವನಿಗೆ ಜ್ವರ ಬಂದಿತ್ತು.

ಕ್ರೇಗ್: ನೋಡಿದ್ರಾ. ಅಲ್ಲ, ನದಿ ಹತ್ರ ಹೋಗಿ ಅಂತ ಯಾರು ಹೇಳಿದ್ರು ನಿಮಗೆ? ಶಿಕ್ಷಕರ ಕೈಪಿಡಿ, ನೂರಹನ್ನೆರಡನೇ ಪುಟ: ‘ನದಿಯ ಚಿತ್ರ ತೋರಿಸಿ. ಮೂರು ಸೆಕೆಂಡು ಕಾಯಿರಿ. ಮಕ್ಕಳು ಅಚ್ಚರಿಪಡುವರು.’

ವರ್ನಾ: ಅಚ್ಚರಿಪಡದಿದ್ರೆ?

ಕ್ರೇಗ್: ಇನ್ನೊಂದು ಮೂರು ಸೆಕೆಂಡು ಕಾಯೋದು.

ವರ್ನಾ ಕನ್ನಡಕ ತೆಗೆದು ಒರೆಸಿದರು. ಅವರು ಹಾಗೆ ಒರೆಸಿದಾಗ ತರಗತಿಯೇ ಉಸಿರು ಬಿಗಿಹಿಡಿಯುತ್ತಿದ್ದುದನ್ನು ಮಾರಿಟ್ ಮರೆತಿರಲಿಲ್ಲ.

ವರ್ನಾ: ಕೇಳಿಸ್ಕೊಳ್ಳಪ್ಪಾ. ದಕ್ಷಿಣದಲ್ಲಿ ಹಿಮ ಮೊದಲು ಕರಗುತ್ತೆ. ಆ ನೀರು ಇಲ್ಲಿಗೆ ಬರೋ ಹೊತ್ತಿಗೆ ಮುಂದೆ ಉತ್ತರದಲ್ಲಿ ನದಿ ಇನ್ನೂ ಮಂಜುಗಡ್ಡೆಯಾಗೇ ಇರುತ್ತೆ. ಹಾಗಾಗಿಯೇ ತೊಂಬತ್ತೇಳರಲ್ಲಿ ಊರೆಲ್ಲ ಮುಳುಗಿದ್ದು. ನಿನ್ನ ಪುಸ್ತಕ ಆಗಲೇ ಬಂದಿದ್ರೆ ನನ್ನ ನೆಲಮಾಳಿಗೆ ಒಣಗೇ ಇರ್ತಿತ್ತು.

ಕ್ರೇಗ್: ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸ್ತೀವಿ. ಆರು ವರ್ಷ ಅಷ್ಟೇ.

ವರ್ನಾ: ಇವತ್ತು ಸಂಜೆ ಶಾಲಾ ಮಂಡಳಿ ಸಭೆ. ನಿಮ್ಮ ಗುತ್ತಿಗೆ ಮುಂದುವರಿಸೋದು ಮೂರನೇ ವಿಷಯ. ಮಾತಾಡೋಕೆ ತಲಾ ಮೂರು ನಿಮಿಷ. ಪ್ರವಾಹ ಕಂಡ ಹದಿನೇಳು ಜನ ಹೆಸರು ಕೊಟ್ಟಿದೀವಿ. ಒಟ್ಟು ಐವತ್ತೊಂದು ನಿಮಿಷ. ಕೆಲವರು ಫೋಟೋ ಬೇರೆ ತರ್ತಾರೆ.

ಕ್ರೇಗ್ ಫೋನ್ ಹಿಡಿದು ಹೊರಗೆ ಹೋದ. ಆರು ವರ್ಷದ ಕೆಲಸ ಒಂಬತ್ತು ನಿಮಿಷದಲ್ಲಿ ಮುಗಿಯಿತು.

ಕ್ರೇಗ್: ಕೇಂದ್ರ ಕಚೇರಿಯವರು ಪರೀಕ್ಷೆಯ ಸರಿಯುತ್ತರ ತಿದ್ದಿದಾರೆ. ನೋಡ್ಕೊಳ್ಳಿ.

ಮಾರಿಟ್ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರನ್ನು ಎಣಿಸಿದಳು.

ಮಾರಿಟ್: ಇಪ್ಪತ್ತೆರಡೂ ಸರಿಯಾಯ್ತು ಟೀಚರ್. ನಾನು ಪಟ್ಟಿಯಲ್ಲಿಲ್ಲ.

ವರ್ನಾ ಕೋಟು ತೊಡುತ್ತ, ಒಂದು ತೋಳು ಹಾಕಿದವರು ಅಲ್ಲೇ ನಿಂತರು.

ವರ್ನಾ: ಒಂದು ನಿಮಿಷ. ತಿದ್ದಿದ್ದು ನಮ್ಮೂರಿಗೆ ಮಾತ್ರ ತಾನೆ?

ಕ್ರೇಗ್: ಒಳಗೆ ಎಲ್ಲರಿಗೂ ಒಂದೇ ಅಂದ್ನಲ್ಲ ಮೇಡಂ. ಇವತ್ತಿಂದ ದೇಶದ ನದಿಗಳೆಲ್ಲ ಉತ್ತರಕ್ಕೇ ಹರಿಯೋದು.

ವರ್ನಾ: ದಕ್ಷಿಣಕ್ಕೆ ಹರಿಯೋ ಮಿಸಿಸಿಪ್ಪಿ?

ಕ್ರೇಗ್: ಅದೂನೂ.

ವರ್ನಾ: ಅದರ ದಡದ ಶಾಲೆಗಳ ಟೀಚರ್‌ಗಳ ಗತಿ ಏನಯ್ಯಾ?

ಕ್ರೇಗ್: ಅಲ್ಲೂ ನಿಮ್ಮಂಥ ನಿವೃತ್ತ ಟೀಚರ್ ಒಬ್ಬರು ಇದ್ದೇ ಇರ್ತಾರೆ. ದೂರು ಕೊಡ್ಲಿ, ಅವರಿಗೂ ಒಂಬತ್ತೇ ನಿಮಿಷದಲ್ಲಿ ಎಲ್ಲಾನೂ ಮತ್ತೆ ದಕ್ಷಿಣಕ್ಕೆ ತಿದ್ದಿಕೊಡ್ತೀವಿ.

ವರ್ನಾ ಕೋಟು ಕಳಚಿ, ಪೆನ್ನು ತೆಗೆದು, ಮತ್ತೆ ಕುಳಿತರು.

ಮಾರಿಟ್: ಆ ಟೀಚರ್‌ಗಳಿಗೆ ಕಾಗದ ಬರೀತೀರೇನೋ, ಬರೀರಿ ಟೀಚರ್. ಆದ್ರೆ ನನ್ನ ಶುಕ್ರವಾರ ಕಳೀಲಿ, ಶನಿವಾರ ಅಂಚೆಗೆ ಹಾಕಿದ್ರೆ ಸಾಕು.