ಆಮೇಲೆ ನೋಡೋಣ ಅನ್ನೋ ಬಟನ್ನು

ನಾನು ಸುಮ್ನಿದ್ರೂ ಇಂಥವೆಲ್ಲ ನನ್ನನ್ನೇ ಹುಡುಕ್ಕೊಂಡು ಬರ್ತವೆ. ಓದಿರೋದು ನಾಲ್ಕನೇ ಕ್ಲಾಸು, ಆದ್ರೆ ಬಿಳೇಕಹಳ್ಳೀಲಿ ಮೂರು ಮಹಡಿ ನಿಂತು ಕಟ್ಟಿಸಿದೋನು ನಾನು. ಬ್ರೋಕರು, ಮೇಸ್ತ್ರಿ, ಒಬ್ಬನೂ ನಂಗೆ ಟೋಪಿ ಹಾಕಿಲ್ಲ. ನನ್ನ ಕೇಳ್ದೆ ನಮ್ ಗೇಟಲ್ಲಿ ಇರುವೆನೂ ಒಳಗ್ ಬರಲ್ಲ. ಈ ಫೋನು ಮಾತ್ರ ನನ್ ಕೈಲಿ ಹೂಂ ಅನ್ನಿಸ್ಲೇಬೇಕು ಅಂತ ಹಟಕ್ಕೆ ಬಿತ್ತು.

ಮೋಟ್ರಿಗೆ ಬೀಗರ ನಂಬರ್ರು

ನಮ್ ಬೋರ್‌ವೆಲ್ ಮೋಟ್ರಿಗೆ ಗೋಡೇಲಿ ಎರಡು ಬಟನ್ನು. ಹಸಿರು ಒತ್ತಿದ್ರೆ ಓಡ್ತದೆ, ಕೆಂಪು ಒತ್ತಿದ್ರೆ ನಿಲ್ತದೆ. ಫಿಟ್ಟರ್ರು ಬಂದು, "ಯಜಮಾನ್ರೇ, ಇನ್ಮೇಲೆ ಕೂತಲ್ಲೇ ಫೋನಲ್ಲಿ ಓಡ್ಸಿ" ಅಂತ ಹೊಸ ಪೆಟ್ಟಿಗೆ ಕೂರಿಸ್ದ. ಗೋಡೆ ಬಟನ್ನು ಎರಡೂ ಅವತ್ತಿಂದ ಕೆಲ್ಸ ಬಿಟ್ವು. ಫೋನು ಮೊದಲು ಕೇಳಿದ್ದೇನು? ನಿಮ್ ಹತ್ರ ಇರೋ ನಂಬರ್ರೆಲ್ಲ ನೋಡ್ಲಾ ಅಂತ.

"ನೀರೆತ್ತೋ ಮೋಟ್ರಿಗೆ ನಮ್ ಬೀಗರ ನಂಬರ್ ಯಾಕಯ್ಯಾ?"

"ಎಲ್ಲಾರೂ ಒತ್ತಾರೆ, ಒತ್ತಿ ಯಜಮಾನ್ರೇ."

ಇದ್ದಿದ್ದು ಎರಡೇ ಬಟನ್ನು. ಒಂದು 'ಸರಿ', ಇನ್ನೊಂದು 'ಆಮೇಲೆ'. 'ಬೇಡ' ಅನ್ನೋದೇ ಇಲ್ಲ! 'ಆಮೇಲೆ' ಒತ್ತಿದೆ. ನಮ್ ಕಡೆ ಆಮೇಲೆ ನೋಡೋಣ ಅಂದ್ರೆ ಆಗಲ್ಲ ಅಂತ್ಲೇ ಅರ್ಥ, ಮಾನಸ್ಥ ಆದೋನು ತಿರುಗಿ ಬರಲ್ಲ. ಮೇಲ್ಗಡೆ ಬಾಡಿಗೆ ಹುಡುಗಿ ನಾಯಿ ಸಾಕ್ಲಾ ಅಂದಾಗ್ಲೂ ಹಂಗೇ ಅಂದಿದ್ದೆ, ಮತ್ತೆ ಕೇಳ್ಲಿಲ್ಲ. ಮರ್ಯಾದಸ್ತ ಹುಡುಗಿ.

ಫೋನು ಮಾರನೇ ದಿನ ಬೆಳಿಗ್ಗೆ, ನಾನಿನ್ನೂ ಹಲ್ಲುಜ್ತಾ ಇದ್ದೆ, ಅದನ್ನೇ ಕೇಳ್ತು.

ಸಂಡಿಗೆ

ಟ್ಯಾಂಕ್ ತುಂಬ್ತು ಅಂತ ಫೋನಲ್ಲಿ ಮೋಟ್ರು ನಿಲ್ಸಕ್ಕೆ ಹೋದ್ರೆ, "ಖಂಡಿತ ನಿಲ್ಲಿಸ್ತೀರಾ?" ಅಂತು. ನನ್ ಮೋಟ್ರು, ನನ್ನೇ ಕೇಳ್ತದೆ! ಅವತ್ತು ಎಷ್ಟು ಹುಡುಕಿದ್ರೂ ಸಿಗದಿದ್ದ 'ಬೇಡ' ಇಲ್ಲಿ ಇಷ್ಟಗಲ ಹಸಿರಾಗಿ ಕೂತಿತ್ತು. ಸಿಕ್ತಲ್ಲ ಅಂತ ಖುಷೀಲಿ ಒತ್ತಿದೆ. ಕನ್ನಡಕ ಹಾಕ್ಕೊಂಡು ನೋಡಿದ್ರೆ, "ಬೇಡ, ಓಡಲಿ." 'ನಿಲ್ಲಿಸು' ಅನ್ನೋದು ಕೆಳಗೆ ಸೊಳ್ಳೆ ಥರ ಕೂತಿದೆ. ಅಷ್ಟರಲ್ಲಿ ನೀರು ಪಕ್ಕದ ಮನೆ ತಾರಸಿಗೆ ಸುರೀತಾ ಇತ್ತು.

ಆ ಮನೆಯಮ್ಮ ಮೇಲಿಂದ್ಲೇ ಕೂಗಿದ್ಲು, "ಸಂಡಿಗೆ ಒಣಗ್ಲಿ ಅಂತ ಇಟ್ಟಿದ್ದೆ ಯಜಮಾನ್ರೇ. ನೀವು ವಾಪಸ್ ಹಿಟ್ಟು ಮಾಡ್ಕೊಟ್ರಲ್ಲ!"

ಮೇಲಿನ ಮಹಡಿ

ಕೊನೆಗೆ ಅದೇ ಬಾಡಿಗೆ ಹುಡುಗೀನ ಕೇಳ್ದೆ. ಫೋನಲ್ಲಿ ಯಾವ ಬಟನ್ನು ಎಲ್ಲಿರ್ಬೇಕು ಅಂತ ಹೇಳೋದೇ ಅವಳ ಕೆಲ್ಸ. ಇವಳೂ ಆ ಪಾರ್ಟೀನೇ ಇರ್ಬೋದು ಅಂತ, ಕಣ್ಣಿಟ್ಟೇ ಫೋನ್ ಕೊಟ್ಟೆ.

ಎಲ್ಲೆಲ್ಲೋ ಒತ್ತಿ ನೋಡಿ ನಕ್ಕಳು. "ಬೇಕಂತ್ಲೇ ಮಾಡಿದ್ದಾರೆ ಅಂಕಲ್. ಬೇಡ ಅನ್ನೋಕೆ ಬಿಡದೆ, ಸಾಕಾಗಿ ಹೂಂ ಅನ್ಲಿ ಅಂತ. ಗೋಡೆ ಸ್ವಿಚ್ಚೇ ಸಾಕು ಅನ್ನೋ ಬಟನ್ನೂ ಇದೆ, ಏಳು ಪುಟದ ಹಿಂದೆ ಬಚ್ಚಿಟ್ಟವ್ರೆ."

"ಕಳ್ಳ ನನ್ಮಕ್ಳು! ಒತ್ತಮ್ಮಾ, ಈಗ್ಲೇ ಒತ್ತು."

ಅವಳು ಒತ್ತಲಿಲ್ಲ. ಫೋನ್ ನನ್ ಕೈಗಿಟ್ಲು. "ಆಮೇಲೆ ನೋಡೋಣ ಅಂಕಲ್" ಅಂತ ಮೆಟ್ಲು ಹತ್ತಿದ್ಲು.

ನಮ್ಮನೆಯೋಳು ಸೆರಗು ಬಾಯಿಗಿಟ್ಕೊಂಡು ನಗ್ತಾವ್ಳೆ. ನಂಗೆ ಆಗ ಹೊಳೀತು. ನಾನೂ 'ಬೇಡ' ಅನ್ನೋ ಬಟನ್ನೇ ಇಟ್ಟಿಲ್ಲ. ಆದ್ರೆ ಸೋಲೋನಲ್ಲ ನಾನು. ಮೆಟ್ಲು ಕೆಳಗೆ ನಿಂತು ಗತ್ತಲ್ಲಿ ಕೂಗಿದೆ, "ಆಯ್ತು ಕಣಮ್ಮಾ, ಸಾಕ್ಕೋ ನಾಯಿ! ನೀನು ಆಮೇಲೆ ನೋಡೋಣ ಅಂದ್ರೆ ನಮ್ ಮೋಟ್ರು ಗತಿ ಏನು?"

"ನೀವೂ ಆಮೇಲೆ ನೋಡೋಣ ಅಂದಿದ್ರಲ್ಲ ಅಂಕಲ್," ಅಂದ್ಲು ಮೇಲಿಂದ. "ತಂದು ತಿಂಗಳಾಯ್ತು, ಬಂದು ನೋಡಿ."

ಹಿಂದೇನೇ ಇನ್ಯಾರೋ "ಬೌ" ಅಂದ್ರು.