ನಾಲ್ಕು ನಿಮಿಷ ಉಳಿಸಿದ ಕಥೆ

ಭಾನುವಾರ, ಸಂಜೆ ಆರು ಗಂಟೆ, ಕುಂದಾಪುರದ ನಮ್ಮ ಮನೆಯ ಜಗಲಿ. ಹಾಜರಿದ್ದವರು ನಾನು, ಹೆಂಡತಿ ಶಾರದೆ ಮತ್ತು ಕಂಪ್ಯೂಟರ್. ತಪ್ಪು ಮಾಡಿದವರು ಮೂವರಲ್ಲಿ ಒಬ್ಬರೇ ಎಂದು ಶಾರದೆ ಆಗಲೇ ತೀರ್ಮಾನಿಸಿದ್ದಳು.

ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದವನಿಗೆ ನಿವೃತ್ತಿಯಾದರೂ ಸೀಟಿ ಊದುವ ಚಟ ಬಿಡುವುದಿಲ್ಲ. ಹಾಗಾಗಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ವೆಬ್‌ಸೈಟನ್ನು ನಾನೇ ನಡೆಸುತ್ತಿದ್ದೇನೆ. ನಾನು ಬರೆದಿಟ್ಟ ಬರಹಗಳನ್ನೆಲ್ಲ ಒಟ್ಟುಮಾಡಿ ವೆಬ್ ಪುಟಗಳಾಗಿ ಕಟ್ಟಿಕೊಡುವ ಒಂದು ಪ್ರೋಗ್ರಾಂ ಇದೆ. ಹಳೆಯದು ಕಟ್ಟಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ಹೊಸದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಸುತ್ತದೆ ಎಂದು ಓದಿ ಬದಲಾಯಿಸಿದೆ. ಉಳಿದ ನಾಲ್ಕು ನಿಮಿಷದಲ್ಲಿ ಏನು ಮಾಡುತ್ತೀರಿ ಎಂದು ಶಾರದೆ ಕೇಳಿದಳು.

ಬೆಳಿಗ್ಗೆ ಆರಕ್ಕೆ ಕುಳಿತು, ದಿನಕ್ಕೊಂದು ಪಾಠದಂತೆ ಹೊಸದನ್ನು ಕಲಿತೆ. ಸೆಟ್ಟಿಂಗಿನ ಕಡತದಲ್ಲಿ ಒಂದು ಪದ ಸಾಲು ತಪ್ಪಿ ನಿಂತರೂ ಅದು ಮುಂದೆ ಹೋಗುವುದಿಲ್ಲ. ಡ್ರಿಲ್ ಮಾಸ್ತರನಿಗೆ ಇನ್ನೇನು ಬೇಕು? ಮೆಚ್ಚಿಬಿಟ್ಟೆ. ಮೆಚ್ಚಿದವರನ್ನು ಪರೀಕ್ಷಿಸುವ ಅಭ್ಯಾಸ ನನಗಿಲ್ಲ.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಂಜಣ್ಣನಿಗೆ ಸನ್ಮಾನವಿತ್ತು. ಇಪ್ಪತ್ತೆಂಟು ವರ್ಷ ನಮ್ಮ ಶಾಲೆಯ ಗಂಟೆ ಹೊಡೆದ ಜವಾನ ಅವನು. ಹದಿನೈದು ದಿನ ಮೊದಲೇ ಆಮಂತ್ರಣ ಬರೆದು ಸೈಟಿಗೆ ಹಾಕಿದೆ. ಬರಹದ ತಲೆಯಲ್ಲಿ ನಾನು ಹಾಕುವ ತಾರೀಕು ಬರೆದ ದಿನದ್ದಲ್ಲ, ಕಾರ್ಯಕ್ರಮದ ದಿನದ್ದು. ಶಾಲೆಯ ನೋಟಿಸು ಪುಸ್ತಕದಿಂದ ಬಂದ ಕ್ರಮ. ನನ್ನ ಕಂಪ್ಯೂಟರಿನಲ್ಲಿ ಆಮಂತ್ರಣ ಚೆನ್ನಾಗಿಯೇ ಕಾಣಿಸಿತು. ಯಾರೋ ವಾಟ್ಸಪ್ಪಿನಲ್ಲಿ ಏನಾದರೂ ವಿಶೇಷವುಂಟೋ ಎಂದು ಕೇಳಿದಾಗ, "ಸುದ್ದಿಯೆಲ್ಲ ಸೈಟಿನಲ್ಲಿ ಮಾತ್ರ, ಅಲ್ಲೇ ನೋಡಿ" ಎಂದು ಗದರಿದೆ.

ಮಂಜಣ್ಣ ಕೆರಾಡಿಯಿಂದ ಮೊದಲ ಬಸ್ಸಿಗೇ ಬಂದಿದ್ದ. ಹೊಸ ಅಂಗಿ. ನೂರು ಕುರ್ಚಿ ಹಾಕಿಸಿದ್ದೆ, ತುಂಬಿದ್ದು ಏಳು, ಅದೂ ಶಾಲೆಯ ಅಕ್ಕಪಕ್ಕದವರಿಂದ. ಹತ್ತೂವರೆಯವರೆಗೂ ಅವನು ಗೇಟಿನ ಕಡೆಗೇ ನೋಡುತ್ತಿದ್ದ.

"ಎಂತ ಮಾಷ್ಟ್ರೇ, ಮಕ್ಳ್ ಯಾರೂ ಬರ್ಲಿಲ್ಲೆ?"

"ಎಲ್ಲರಿಗೂ ತಿಳಿಸಿದ್ದೆ ಮಂಜಣ್ಣ. ಈಗಿನವರಿಗೆ ನೆನಪಿರುವುದಿಲ್ಲ" ಎಂದೆ. ಅವನು ತಲೆಯಾಡಿಸಿ, ಸನ್ಮಾನದ ಶಾಲನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡ.

ಸಂಜೆ ಫೋಟೋ ಹಾಕಲೆಂದು ಸೈಟನ್ನು ಮತ್ತೆ ಕಟ್ಟಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಹತ್ತು ನಿಮಿಷದಲ್ಲಿ ಬೈಂದೂರಿನಿಂದ ಹಳೆ ವಿದ್ಯಾರ್ಥಿಯೊಬ್ಬನ ಫೋನು, ಹಿಂದೆಯೇ ಬ್ರಹ್ಮಾವರದಿಂದ. "ಮಾಷ್ಟ್ರೇ, ಸನ್ಮಾನ ಇವತ್ತ್ ಬೆಳಿಗ್ಗೆಯಾ? ಸೈಟಿಗೆ ಆಮಂತ್ರಣ ಈಗ ಬಂತಲೆ?"

ಹೊಸ ಪ್ರೋಗ್ರಾಂ ಜೊತೆ ಬಂದ ಕೈಪಿಡಿ ತೆರೆದು ಓದಿದೆ. ಮುಂದಿನ ತಾರೀಕಿನ ಬರಹವನ್ನು ಆ ದಿನ ಬರುವವರೆಗೆ ಹೊಸ ಪ್ರೋಗ್ರಾಂ ಹೊರಗೆ ಬಿಡುವುದಿಲ್ಲವಂತೆ. ಹಳೆಯದು ಬಿಡುತ್ತಿತ್ತು. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಕಂಡದ್ದು, ಮುಂದಿನ ತಾರೀಕಿನವನ್ನೂ ಇಲ್ಲಿ ತೋರಿಸು ಎಂದು ನಾನೇ ಕೊಟ್ಟಿದ್ದ ಆಜ್ಞೆಯಿಂದ. ಅದು ನಿಯಮ ಪಾಲಿಸಿತ್ತು. ನಾನು ತಪ್ಪನ್ನು ಮಕ್ಕಳ ಮೇಲೆ ಹಾಕಿದ್ದೆ.

"ಫೋನ್ ಮಾಡಿ ಮಂಜಣ್ಣನಿಗೆ" ಎಂದಳು ಶಾರದೆ.

ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಮಂಜಣ್ಣ, "ಹಾಂಗಾರೆ ಮಕ್ಳ್ ಮರೀಲಿಲ್ಲೆ ಅಂದೇಳಿ ಆಯ್ತಲೆ" ಎಂದ. ದನಿ ಹಗುರಾಗಿತ್ತು. ಮತ್ತೆ ಕೇಳಿದ: "ಅಲ್ಲ ಮಾಷ್ಟ್ರೇ, ನಾನ್ ಗಂಟಿ ಹೊಡ್ದ್ ಆದ್ಮೇಲೆ, ಮಕ್ಳಿಗೆ ಕೇಳ್ತಾ ಇಲ್ಯಾ ಅಂದೇಳಿ ಮೈದಾನ್ದ್ ಬದಿ ಒಂದ್ಸಲ ಕಂಡ್ಕಂಡೇ ಒಳ್ಗ್ ಹೋತಿದ್ದೆ. ನೀವ್ ಹಾಂಗೆ ಸೈಟನ್ನ್ ಒಂದ್ಸಲ ಹೊರ್ಗಿಂದ ಕಾಣ್ಲಿಲ್ಯಾ?"

ಕಂಡಿರಲಿಲ್ಲ.

ಫೋನಿಟ್ಟು, ಶಾರದೆಯ ಮೊಬೈಲು ಇಸಿದುಕೊಂಡು, ಊರವರು ನೋಡುವ ರೀತಿಯಲ್ಲೇ ಸೈಟನ್ನು ಹೊರಗಿನಿಂದ ತೆರೆದು ನೋಡಿದೆ. ಆ ದಿನದ ಕೊನೆಯ ಕೆಲಸ ಅದು. ಖಾಲಿ ಕುರ್ಚಿಗಳ ಫೋಟೋ ಸರಿಯಾಗಿಯೇ ಬಂದಿತ್ತು. ಸಾಲು ಒಂದೂ ತಪ್ಪಿರಲಿಲ್ಲ.